ಮಲಿಂಚೆ, ಇಸ್ತಾ, ಒರಿಸಾಬಾ: ಮೆಕ್ಸಿಕೋದ ಜ್ವಾಲಾಮುಖಿಗಳ ಏರುಹಾದಿ

ಮೆಕ್ಸಿಕೋದ ಎತ್ತರದ ಜ್ವಾಲಾಮುಖಿಗಳ ದೊಡ್ಡ ತೊಂದರೆ ಎಂದರೆ ರಸ್ತೆ ತೀರಾ ಮೇಲಿನವರೆಗೂ ಹೋಗುತ್ತದೆ. ತ್ಲಾಚಿಚುಕಾ ಊರು ಇರುವುದು 2,600 ಮೀಟರ್ ಎತ್ತರದಲ್ಲಿ. ಅಲ್ಲಿ ತಿಂಡಿ ತಿಂದು ಜೀಪು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ 4,260 ಮೀಟರ್‌ನ ಪಿಯೆದ್ರಾ ಗ್ರಾಂದೆ ತಂಗುಮನೆಗೆ ತಂದು ಇಳಿಸುತ್ತಾರೆ. ಮೈಯಲ್ಲಿ ಒಂದು ಹನಿ ಬೆವರಿಲ್ಲ, ಅಂದೇ ನಡುರಾತ್ರಿ 5,636 ಮೀಟರ್‌ನ ಪೀಕೋ ದೆ ಒರಿಸಾಬಾ ಶಿಖರಕ್ಕೆ ಹೊರಡುವ ಹುಮ್ಮಸ್ಸು ಬೇರೆ. ಹತ್ತು ಗಂಟೆಗೆ ತಲೆನೋವು ಶುರು, ಹನ್ನೆರಡಕ್ಕೆ ವಾಂತಿ. ಜೀಪು ಏರಿದ ಎತ್ತರ ದೇಹದ ಲೆಕ್ಕಕ್ಕೆ ಜಮಾ ಆಗುವುದಿಲ್ಲ. ಹಾಗಾಗಿ ಗೆಳೆಯನೂ ನಾನೂ ಈ ಪ್ರವಾಸವನ್ನು ಕೊನೆಯ ಬೆಟ್ಟದಿಂದ ಹಿಂದಕ್ಕೆ ಎಣಿಸುತ್ತ ಜೋಡಿಸಿದೆವು. ಮೊದಲು ಲಾ ಮಲಿಂಚೆ, ಆಮೇಲೆ ಇಸ್ತಾಸಿವಾತ್ಲ್ (ಚಿಕ್ಕದಾಗಿ ಇಸ್ತಾ), ನಡುವೆ ಪುಯೆಬ್ಲಾ ನಗರಕ್ಕಿಳಿದು ವಿಶ್ರಾಂತಿ, ಕಡೆಗೆ ಪೀಕೋ ದೆ ಒರಿಸಾಬಾ. ಹೋದದ್ದು ಜನವರಿಯಲ್ಲಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಒಣಹವೆ. ಮಳೆಗಾಲದಲ್ಲಿ ಹೋದರೆ ಮಧ್ಯಾಹ್ನವಾಗುತ್ತಲೇ ಸಿಡಿಲು.

ಮೆಕ್ಸಿಕೋ ಸಿಟಿ, 2,240 ಮೀಟರ್

ವಿಮಾನ ಇಳಿದ ದಿನ ಮೆಟ್ರೋ ಮೆಟ್ಟಿಲು ಹತ್ತುವಾಗಲೇ ಏದುಸಿರು. ಇಲ್ಲಿ ಎರಡು ರಾತ್ರಿ ಸುಮ್ಮನೆ ಕಳೆದರೂ ವ್ಯರ್ಥವಲ್ಲ, ದೇಹ ತನ್ನ ಕೆಲಸ ಶುರುಮಾಡಿರುತ್ತದೆ. ಊರಲ್ಲಿ ಮುಗಿಸಬೇಕಾದ ಮುಖ್ಯ ಕೆಲಸ ಗ್ಯಾಸ್ ಕ್ಯಾನಿಸ್ಟರ್ ಹುಡುಕುವುದು. ವಿಮಾನದಲ್ಲಿ ಒಯ್ಯುವಂತಿಲ್ಲ, ಬೆಟ್ಟದ ಬುಡದ ಹಳ್ಳಿಗಳಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ. ಚಾರಣದ ಸಾಮಾನು ಮಾರುವ ಅಂಗಡಿಗೇ ಹೋಗಿ ತಿರುಪಿನ ಬಾಯಿಯ ಡಬ್ಬಿಯೇ ಬೇಕೆಂದು ಕೇಳಬೇಕು. ಚುಚ್ಚಿ ಕೂರಿಸುವ ಬಗೆಯ ಡಬ್ಬಿ ನೋಡಲು ಹಾಗೇ ಇರುತ್ತದೆ, ಆದರೆ ತಿರುಪಿನ ಸ್ಟೌಗೆ ಕೂಡುವುದಿಲ್ಲ. ಸ್ಟೌ ಜೊತೆಗೇ ಒಯ್ದು ಅಂಗಡಿಯಲ್ಲೇ ಒಮ್ಮೆ ಕೂರಿಸಿ ನೋಡಿದರೆ ಕ್ಷೇಮ. ಹಿಮ ಕರಗಿಸದೆ ನೀರು ಹೊತ್ತೇ ಒಯ್ದದ್ದರಿಂದ ಇಬ್ಬರಿಗೆ 230 ಗ್ರಾಂನ ಎರಡು ಡಬ್ಬಿ ಧಾರಾಳವಾಯಿತು.

ವೈದ್ಯರ ಸಲಹೆಯಂತೆ ಅಸೆಟಜೋಲಮೈಡ್ ಮಾತ್ರೆ, 125 ಮಿಲಿಗ್ರಾಂ, ಬೆಳಿಗ್ಗೆ ಒಂದು ರಾತ್ರಿ ಒಂದು, ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧ ಆಗದವರು ಇದನ್ನು ಮೊದಲೇ ವೈದ್ಯರಿಗೆ ಹೇಳಲೇಬೇಕು.

"ಲೋ, ಬೆರಳೆಲ್ಲ ಜುಂ ಅಂತಿದೆ ಕಣೋ. ಸೋಡಾ ಕುಡಿದರೆ ಸಪ್ಪೆ ನೀರು ಕುಡಿದ ಹಾಗಿದೆ."

"ಅದು ಮಾತ್ರೆಯ ಗುಣ ಮಾರಾಯ, ಬೆಟ್ಟದ್ದಲ್ಲ."

ಈ ಎರಡನ್ನೂ ಬೇರೆಬೇರೆಯಾಗಿ ತಿಳಿದಿರುವುದು ಒಳ್ಳೆಯದು. ಇಲ್ಲದಿದ್ದರೆ ಮೇಲೆ ಹೋದಮೇಲೆ ಬೆರಳು ಜುಮ್ಮೆಂದಾಗ ಹಿಮದ ಕಡಿತವೋ ಮಾತ್ರೆಯೋ ತಿಳಿಯದೆ ಗಾಬರಿಯಾಗುತ್ತದೆ.

ಲಾ ಮಲಿಂಚೆ, 4,461 ಮೀಟರ್

ತ್ಲಾಸ್ಕಾಲಾ ರಾಜ್ಯದ ಉವಮಾಂತ್ಲಾ ಊರಿಗೆ ಬಸ್ಸು, ಅಲ್ಲಿಂದ ವ್ಯಾನಿನಲ್ಲಿ ಕಾಡಿನಂಚಿನ ಮಲಿಂತ್ಸಿ ವಿಹಾರಧಾಮ. ಇದು ಸುಮಾರು 3,100 ಮೀಟರ್ ಎತ್ತರದಲ್ಲಿದೆ, ಬಾಡಿಗೆಗೆ ಕುಟೀರಗಳಿವೆ. ಬಸ್ಸಿಳಿದಾಗ ಉವಮಾಂತ್ಲಾದಲ್ಲಿ ಮುಎಗಾನೋ ಎಂಬ ಸಿಹಿ ಕೊಂಡದ್ದು ಜಾಣತನವೇ ಆಯಿತು. ಬೆಲ್ಲದ ಪಾಕ ಹಚ್ಚಿದ ಹಿಟ್ಟಿನ ತುಂಡು, ಚಳಿಯಲ್ಲೂ ಹಲ್ಲಿಗೆ ಬಗ್ಗುತ್ತದೆ. ಪೇಟೆಯ ಎನರ್ಜಿ ಬಾರ್‌ಗಳು ಕಲ್ಲಾಗಿದ್ದವು.

ಬೆಳಿಗ್ಗೆ ಆರಕ್ಕೆ ಹೊರಟರೆ ಸಾಕು. ಮೊದಲ ಒಂದೂವರೆ ಗಂಟೆ ಪೈನ್ ಕಾಡು. ಸುತ್ತಿ ಸುತ್ತಿ ಬರುವ ಟಾರು ರಸ್ತೆಯನ್ನು ಕಾಲುದಾರಿ ಮತ್ತೆ ಮತ್ತೆ ಕತ್ತರಿಸಿಕೊಂಡು ನೇರ ಮೇಲಕ್ಕೆ ಹೋಗುತ್ತದೆ. ರಸ್ತೆಯಲ್ಲೇ ನಡೆದರೆ ದೂರ ಹೆಚ್ಚು, ಉಸಿರು ಹಗುರ. ವಿಹಾರಧಾಮದ ಬೀದಿನಾಯಿಗಳು ಚಾರಣಿಗರ ಹಿಂದೆಯೇ ಹೊರಡುತ್ತವೆ. ಬಿಸ್ಕತ್ತು ಒಂದು ಸಲ ಕೊಟ್ಟರೆ ಶಿಖರದವರೆಗೂ ಜೊತೆ ಬಿಡುವುದಿಲ್ಲ. ಸುಮಾರು 4,000 ಮೀಟರ್‌ನಲ್ಲಿ ಮರಗಳು ನಿಂತುಹೋಗಿ, ಮೊಣಕಾಲೆತ್ತರದ ಸಕತೋನ್ ಹುಲ್ಲು ಗಂಟುಗಂಟಾಗಿ ಹಬ್ಬಿದ ಇಳಿಜಾರು ಎದುರಾಗುತ್ತದೆ. ಅದರ ಮೇಲೆ ಬೂದುಬಣ್ಣದ ಮರಳು. ಹತ್ತುವಾಗ ಮರಳಿಗೆ ಕಾಲಿಡಬಾರದು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಹುಲ್ಲಿನ ಗಂಟುಗಳ ಬುಡವೇ ಮೆಟ್ಟಿಲು. ಇಳಿಯುವಾಗ ಇದರ ತಿರುವುಮುರುವು: ಮರಳಿನಲ್ಲೇ ಹಿಮ್ಮಡಿಯೂರಿ ಇಳಿದರೆ ಒಂದು ಗಂಟೆಯ ದಾರಿ ಹದಿನೈದು ನಿಮಿಷ.

ಮಲಿಂಚೆಯಲ್ಲಿ ನೋಡಿಕೊಳ್ಳಬೇಕಾದದ್ದು ಶಿಖರಕ್ಕಿಂತ ನಡೆಯ ಲಯವನ್ನು. ಪೂರ್ತಿ ಒಂದು ವಾಕ್ಯ ತಡೆಯದೆ ಆಡುವಷ್ಟು ಉಸಿರು ಉಳಿದಿದ್ದರೆ ವೇಗ ಸರಿ. ಮಾತು ತುಂಡಾದರೆ ಹೆಜ್ಜೆ ನಿಧಾನವಾಗಬೇಕು. ಗೆಳೆಯನ ಹೆಜ್ಜೆ ನನ್ನದಕ್ಕಿಂತ ಉದ್ದ, ಅದಕ್ಕೇ ನಾನು ಮುಂದೆ, ಅವನು ಹಿಂದೆ. ಇಬ್ಬರೇ ಹೋಗುವಾಗ ನಿಧಾನದವನು ಮುಂದಿದ್ದರೆ ಮುಂದಿನ ಬೆಟ್ಟಗಳಲ್ಲೂ ಜಗಳವಿಲ್ಲ. ತುದಿಯ ಬಂಡೆಗಳ ಹತ್ತಿರ ಗಾಳಿ ಜೋರು. ಪಶ್ಚಿಮಕ್ಕೆ ಪೊಪೊಕಾತೆಪೆತ್ಲ್ (ಚಿಕ್ಕದಾಗಿ ಪೊಪೊ) ಜ್ವಾಲಾಮುಖಿ ಮತ್ತು ಇಸ್ತಾ, ಪೂರ್ವಕ್ಕೆ ಒರಿಸಾಬಾದ ಬಿಳಿ ಕೋನು, ಮಾಡಬೇಕಾದ ಕೆಲಸವೆಲ್ಲ ಒಂದೇ ನೋಟದಲ್ಲಿ. ಮಧ್ಯಾಹ್ನಕ್ಕೆ ಮೋಡ ಮುಚ್ಚುವ ಮೊದಲೇ ಕೆಳಗಿಳಿದೆವು.

ಕೆಳಗೆ ತಗಡಿನ ಸೂರಿನ ಅಂಗಡಿಯಲ್ಲಿ ನೀಲಿ ಮೆಕ್ಕೆಜೋಳದ ತ್ಲಾಕೋಯೋ. ಹೋಳಿಗೆಗೆ ಹೂರಣ ತುಂಬುವಂತೆ ಹಿಟ್ಟಿನ ಒಳಗೆ ಅರೆದ ಬೀನ್ಸ್ ಕಾಳನ್ನಿಟ್ಟು, ಉದ್ದಕ್ಕೆ ತಟ್ಟಿ, ಎಣ್ಣೆಯಿಲ್ಲದ ಹೆಂಚಿನ ಮೇಲೆ ಬೇಯಿಸುತ್ತಾರೆ. ಮೇಲೆ ಕತ್ತರಿಸಿದ ಕಳ್ಳಿ, ಚೀಸು, ಹಸಿರು ಸಾಲ್ಸಾ. ಮೆಕ್ಕೆಜೋಳದ ತೆನೆಗೆ ಬರುವ ಕಪ್ಪು ಬೂಷ್ಟು ವಿಟ್ಲಕೋಚೆ ಇದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯಾಕೆ ತಲೆಯಾಡಿಸಿದರು. ಅದು ಮಳೆಗಾಲದ ಪದಾರ್ಥ, ಈಗ ಇರುವುದು ಡಬ್ಬಿಯದ್ದು, ನಿಮಗೆ ಬೇಡ ಎಂದು ತಾವೇ ತಡೆದರು. ಮಾಂಸ ತಿನ್ನದವರು ಇಲ್ಲೊಂದು ಎಚ್ಚರ ವಹಿಸಬೇಕು. ಬೀನ್ಸ್ ಕಾಳನ್ನು ಹಂದಿಕೊಬ್ಬಿನಲ್ಲಿ ಬೇಯಿಸುವುದು ಸಾಮಾನ್ಯ, "ಸಿನ್ ಮಾಂತೆಕಾ" (ಕೊಬ್ಬಿಲ್ಲದೆ) ಎಂದು ಮೊದಲೇ ಕೇಳಬೇಕು. ಕುಡಿಯಲು ಕಫೆ ದೆ ಓಲ್ಯಾ: ಮಣ್ಣಿನ ಮಡಕೆಯಲ್ಲಿ ಬೆಲ್ಲ, ದಾಲ್ಚಿನ್ನಿ ಹಾಕಿ ಕುದಿಸಿದ ಕಾಫಿ.

ಅಮೆಕಮೆಕಾದಿಂದ ಆಲ್ತ್ಸೊಮೋನಿಗೆ

ಬಸ್ಸು ಬದಲಾಯಿಸುತ್ತ ಅರ್ಧ ದಿನ ಹೋಯಿತು. ಅಮೆಕಮೆಕಾ ಚೌಕದ ಸಂತೆಯಲ್ಲಿ ಅಕ್ರೋಟು, ಬ್ರೆಡ್ಡು, ಕಿತ್ತಳೆ ಕೊಂಡು, ರಾಷ್ಟ್ರೀಯ ಉದ್ಯಾನದ ಕಚೇರಿಯಲ್ಲಿ ಪ್ರವೇಶದ ಚೀಟಿ ಮಾಡಿಸಿ, ಟ್ಯಾಕ್ಸಿಯಲ್ಲಿ ಪಾಸೋ ದೆ ಕೊರ್ತೇಸ್‌ಗೆ. ಇಸ್ತಾ ಮತ್ತು ಪೊಪೊ ನಡುವಿನ ಈ ಕಣಿವೆ ದಾರಿ 3,690 ಮೀಟರ್ ಎತ್ತರದಲ್ಲಿದೆ. 1519ರ ನವೆಂಬರ್‌ನಲ್ಲಿ ಕೊರ್ತೇಸ್‌ನ ಸ್ಪ್ಯಾನಿಷ್ ಸೈನ್ಯ ಇದನ್ನೇ ದಾಟಿ ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್‌ಗೆ ಇಳಿದದ್ದು.

ಪೊಪೊ 1994ರ ಡಿಸೆಂಬರ್‌ನಿಂದ ಉಗುಳುತ್ತಲೇ ಇದೆ, ಹತ್ತುವುದು ನಿಷಿದ್ಧ. ಕ್ರೇಟರಿನ (ಜ್ವಾಲಾಮುಖಿಯ ಬಾಯಿ) ಸುತ್ತ 12 ಕಿಲೋಮೀಟರ್ ಒಳಗೆ ಯಾರೂ ಉಳಿಯಬಾರದೆಂಬ ಆದೇಶವಿದೆ, ಪಾಸೋ ರಸ್ತೆಯಲ್ಲಿ ಮಾತ್ರ ನಿಯಂತ್ರಿತ ಸಂಚಾರ. ಎಚ್ಚರಿಕೆಯ ಮಟ್ಟ ಹಳದಿ ಎರಡನೇ ಹಂತದಲ್ಲಿದ್ದರೆ ಇಸ್ತಾ ತೆರೆದಿರುವುದು ರೂಢಿ. 2023ರ ಮೇ ತಿಂಗಳಲ್ಲಿ ಅದು ಮೂರನೇ ಹಂತಕ್ಕೆ ಏರಿದಾಗ ಉದ್ಯಾನವನ್ನೇ ಮುಚ್ಚಿದ್ದರು. ಹಾಗಾಗಿ ಹೊರಡುವ ದಿನ ಬೆಳಿಗ್ಗೆ ವಿಪತ್ತು ತಡೆಯುವ ರಾಷ್ಟ್ರೀಯ ಕೇಂದ್ರ ಸೆನಾಪ್ರೆದ್‌ನ ವರದಿ ನೋಡಿಯೇ ಟ್ಯಾಕ್ಸಿ ಹೇಳಬೇಕು. ನಮ್ಮ ಟ್ಯಾಕ್ಸಿಯವರು ಪೊಪೊವನ್ನು ಹೆಸರು ಹಿಡಿದು ಕರೆಯಲಿಲ್ಲ, "ದೋನ್ ಗೋಯೋ" ಎಂದೇ ಹೇಳುತ್ತಿದ್ದರು. ಗ್ರೆಗೋರಿಯೋ ಯಜಮಾನರು ಎಂದ ಹಾಗೆ. ಮಾರ್ಚ್ 12, ಸಂತ ಗ್ರೆಗೋರಿಯೋನ ದಿನ, ಬುಡದ ಹಳ್ಳಿಗಳವರು ಬೆಟ್ಟಕ್ಕೆ ಹಣ್ಣು, ಊಟ, ಬಟ್ಟೆ ಒಪ್ಪಿಸಿ ಬರುತ್ತಾರಂತೆ. ಬೂದಿ ಬಿದ್ದರೆ ಕಾರಿನ ಗಾಜನ್ನು ಒರೆಸಬಾರದು, ನೀರು ಸುರಿಯಬೇಕು ಎಂದೂ ಕಲಿಸಿದರು. ಒರೆಸಿದರೆ ಗೀರು ಬೀಳುತ್ತದೆ. ಕನ್ನಡಕಕ್ಕೂ ಇದೇ ನಿಯಮ.

ಆಲ್ತ್ಸೊಮೋನಿ ತಂಗುಮನೆ ಟಿವಿ ಗೋಪುರಗಳ ಪಕ್ಕದಲ್ಲಿ, ಸುಮಾರು 4,000 ಮೀಟರ್‌ನಲ್ಲಿದೆ. ಹಲಗೆಯ ಮಂಚಗಳಿವೆ, ನೀರಿಲ್ಲ. ತಲೆಗೆ ಐದು ಲೀಟರ್ ಕೆಳಗಿನಿಂದಲೇ ತರಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದೆಂಬ ನಿಯಮವನ್ನು ಇಲ್ಲಿ ಮುರಿಯದೆ ವಿಧಿಯಿಲ್ಲ, ನಡುವೆ ತಂಗುವ ಜಾಗವೇ ಇಲ್ಲ. ಅದನ್ನು ಸರಿದೂಗಿಸಲು ಎರಡು ರಾತ್ರಿ ಇಲ್ಲೇ ಉಳಿದೆವು. ಮೊದಲ ರಾತ್ರಿ ಪಕ್ಕದವನ ಉಸಿರಾಟ ಕೇಳಿದರೆ ಭಯವಾಗಬಹುದು. ನಾಲ್ಕೈದು ಜೋರು ಉಸಿರು, ಆಮೇಲೆ ಹತ್ತು ಸೆಕೆಂಡು ಪೂರ್ತಿ ಮೌನ, ಮತ್ತೆ ಗಕ್ಕನೆ ಉಸಿರು. ಜೋರಾಗಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಾಗ ಮೆದುಳು ಉಸಿರಾಟಕ್ಕೆ ತಾತ್ಕಾಲಿಕ ತಡೆ ಹಾಕುತ್ತದೆ. ಇದು ಕಾಯಿಲೆಯಲ್ಲ. ಕುಳಿತಲ್ಲೇ ಏದುಸಿರು, ಒದ್ದೆ ಕೆಮ್ಮು, ಅಥವಾ ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲಾಗದೆ ತೂರಾಡುವುದು, ಇವು ಕಾಯಿಲೆ. ಕಂಡರೆ ರಾತ್ರಿಯಾದರೂ ಸರಿ ಕೆಳಗಿಳಿಸಬೇಕು. ಬೆಳಗಾಗಲಿ ನೋಡೋಣ ಎನ್ನಬಾರದು.

ಇಸ್ತಾಸಿವಾತ್ಲ್, 5,230 ಮೀಟರ್

ಮಲಗಿದ ಹೆಂಗಸಿನ ಆಕಾರದ ಬೆಟ್ಟ. ದಾರಿಯ ಹಂತಗಳಿಗೂ ಅದೇ ಹೆಸರು: ಪಾದ, ಮೊಣಕಾಲು, ಹೊಟ್ಟೆ, ಎದೆ. ಎದೆಯೇ ಶಿಖರ. ವಾಹನ ಬರುವ ಕೊನೆಯ ಜಾಗ ಲಾ ಹೋಯಾ, 3,980 ಮೀಟರ್. ರಾತ್ರಿ ಎರಡಕ್ಕೆ ಅಲ್ಲಿಂದ ಹೊರಟೆವು.

ಮೊದಲು ಒಂದರ ಹಿಂದೊಂದು ಪೋರ್ತಿಯೋಗಳು, ಎಂದರೆ ಏಣಿನ ನಡುವಿನ ಕಂಡಿಗಳು. ಪ್ರತಿ ಕಂಡಿಯಲ್ಲೂ ಗಾಳಿ ಎದುರಿಗೆ ಬಂದು ಬಡಿಯುತ್ತದೆ, ಜಾಕೆಟ್ ಹಾಕಿಕೊಳ್ಳುವುದನ್ನು ಕಂಡಿಗೆ ಐದು ನಿಮಿಷ ಮೊದಲೇ ಮುಗಿಸಬೇಕು. ಗೆಳೆಯನ ಚೀಲದಿಂದ ಹೊರಬಂದ ನೀರಿನ ಕೊಳವೆ ಇಲ್ಲೇ ಹೆಪ್ಪುಗಟ್ಟಿತು. ಗುಟುಕರಿಸಿದ ಪ್ರತಿ ಸಲ ಉಳಿದ ನೀರನ್ನು ಊದಿ ಒಳಕ್ಕೆ ತಳ್ಳಿದರೂ ಮೈನಸ್ ಹತ್ತರ ಗಾಳಿಗೆ ಆ ಉಪಾಯ ನಡೆಯುವುದಿಲ್ಲ. ಅಗಲ ಬಾಯಿಯ ಬಾಟಲಿಯನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ಚೀಲದಲ್ಲಿ ತಲೆಕೆಳಗಾಗಿ ಇಡುವುದೇ ಖಚಿತ. ಮಂಜುಗಡ್ಡೆ ಮೇಲ್ಭಾಗದಿಂದ ಕಟ್ಟುತ್ತದೆ, ಅದು ಈಗ ಬಾಟಲಿಯ ತಳ. ಮುಚ್ಚಳ ತೆರೆಯಲು ಬರುತ್ತದೆ.

4,750 ಮೀಟರ್‌ನಲ್ಲಿ ಗ್ರುಪೋ ದೆ ಲೋಸ್ ಸಿಯೆನ್ ತಂಗುಮನೆ. ಅದರಿಂದ ಮೊಣಕಾಲಿನವರೆಗಿನ ಏರು ಇಡೀ ದಾರಿಯಲ್ಲೇ ಕೆಟ್ಟದ್ದು: ಕಡಿದಾದ ಜಲ್ಲಿ, ಹಿಡಿದರೆ ಕೈಗೇ ಬರುವ ಬಂಡೆ. ಮೇಲಿನ ತಂಡ ಉರುಳಿಸಿದ ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ, ಶಬ್ದ ಮಾತ್ರ. ಹೆಲ್ಮೆಟ್ ಕಡ್ಡಾಯ. ಇನ್ನೊಂದು ತಂಡದ ನೇರ ಕೆಳಗೆ ನಿಲ್ಲುವುದಕ್ಕಿಂತ ಹತ್ತು ನಿಮಿಷ ಕಾದು ಓರೆಯಲ್ಲಿ ಹತ್ತುವುದು ಮೇಲು. ಶನಿವಾರ ಭಾನುವಾರ ಇಲ್ಲಿ ಜನ ವಿಪರೀತ, ವಾರದ ನಡುವೆ ಹೋಗುವುದಕ್ಕೆ ಇದೊಂದೇ ಕಾರಣ ಸಾಕು.

ಮೊಣಕಾಲು ಮುಟ್ಟಿದಾಗ ಬೆಳಕಾಯಿತು. ಬೆನ್ನ ಹಿಂದೆ ಪೊಪೊ ಬೂದುಬಣ್ಣದ ಹೊಗೆ ಬಿಟ್ಟದ್ದು ಕಂಡಿತು, ಸ್ವಲ್ಪ ಹೊತ್ತಿನ ನಂತರ ಗುಡುಗಿದ ಸದ್ದು. ಇಲ್ಲಿಂದ ಶಿಖರ ಹತ್ತಿರವೇ ಕಾಣುತ್ತದೆ, ಕಂಡದ್ದು ಶಿಖರವಲ್ಲ. ಏಣು ಏರಿ ಇಳಿದು, ಮತ್ತೆ ಏರಿ, ಹೊಟ್ಟೆಯ ಹಿಮನದಿಗೆ ಇಳಿಯುತ್ತದೆ. ಅದು ಬಹುತೇಕ ಸಮತಟ್ಟು, ಆದರೆ ಬೆಳಗಿನ ಗಟ್ಟಿ ಐಸಿಗೆ ಕ್ರಾಂಪಾನ್ (ಬೂಟಿಗೆ ಕಟ್ಟುವ ಲೋಹದ ಹಲ್ಲುಗಳು) ಬೇಕೇ ಬೇಕು. ಈ ಬೆಟ್ಟದ ಐಸು ದಿನ ಎಣಿಸುತ್ತಿದೆ. ಅಯೊಲೊಕೋ ಹಿಮನದಿ ಇನ್ನಿಲ್ಲ ಎಂದು ಸಾರುವ ಫಲಕವನ್ನು ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಅದರ ಜಾಗದಲ್ಲೇ ನೆಟ್ಟಿದ್ದಾರೆ. ಹಳೆಯ ನಕ್ಷೆ ನಂಬಿ ಬಂದವರಿಗೆ ಐಸಿನ ಬದಲು ಬರಿಯ ಬಂಡೆ ಸಿಗುತ್ತದೆ.

ಹಿಂತಿರುಗುವಾಗ ಇಳಿದಲ್ಲೆಲ್ಲ ಮತ್ತೆ ಏರಬೇಕು, ಇಸ್ತಾ ಸುಸ್ತು ಮಾಡುವುದು ಇಲ್ಲಿ. ಹೋಗಿಬರಲು ಹನ್ನೆರಡು ಗಂಟೆ ಹಿಡಿಯಿರಿ. ಅಂದು ಸಂಜೆಯೇ ಅಮೆಕಮೆಕಾಗೆ ಇಳಿದು ಬಿಸಿ ಸೂಪು ಕುಡಿದೆವು.

ಪುಯೆಬ್ಲಾ, 2,135 ಮೀಟರ್

ಎರಡು ರಾತ್ರಿ. ಎತ್ತರ ಬಿಟ್ಟು ಇಷ್ಟು ಕೆಳಗೆ ಬಂದರೆ ಗಳಿಸಿದ್ದು ಹೋಗಿಬಿಡುವುದಿಲ್ಲವೇ ಎಂದು ಕೇಳುವವರುಂಟು. ಹೋಗುವುದಿಲ್ಲ. ಹೊಂದಾಣಿಕೆ ಕೆಲವು ದಿನ ಉಳಿದಿರುತ್ತದೆ, ಆದರೆ ನಿದ್ದೆ, ಹಸಿವು, ಸ್ನಾಯು ಮಾತ್ರ ಕೆಳಗೇ ಸರಿಯಾಗುವುದು. ಮೇಲೆ ಹಸಿವೇ ಸತ್ತುಹೋಗಿರುತ್ತದೆ, ಇಲ್ಲಿ ಎಳ್ಳು ಮೆತ್ತಿದ ಬನ್ನಿನ ಸೆಮೀತಾ ಒಂದು ಇಡೀ ಮುಗಿಸಿದ ಮೇಲೂ ಮೆನು ನೋಡಬೇಕೆನಿಸುತ್ತದೆ. ಒಳಗೆ ಎಳೆ ಎಳೆಯಾದ ಚೀಸು, ಬೆಣ್ಣೆಹಣ್ಣು, ಮೇಲೆ ಪಾಪಲೋ ಸೊಪ್ಪು. ಆ ಸೊಪ್ಪಿನ ಘಾಟು ಎಲ್ಲರಿಗೂ ಹಿಡಿಸದು. ಕ್ರಾಂಪಾನ್ ಹಲ್ಲುಗಳಿಗೆ ಅರ ಹಾಕಿ ಚೂಪು ಮಾಡಿಕೊಂಡದ್ದೂ ಇಲ್ಲೇ. ಇಸ್ತಾದ ಬಂಡೆಗಳ ಮೇಲೆ ನಡೆದು ಅವು ಮೊಂಡಾಗಿದ್ದವು.

ಪಿಯೆದ್ರಾ ಗ್ರಾಂದೆ, 4,260 ಮೀಟರ್

ತ್ಲಾಚಿಚುಕಾದಿಂದ ಜೀಪು ಆಲೂಗಡ್ಡೆ ಹೊಲಗಳ ನಡುವೆ, ಇದಾಲ್ಗೋ ಹಳ್ಳಿ ದಾಟಿ, ಪೈನ್ ಕಾಡಿನ ಧೂಳು ರಸ್ತೆಯಲ್ಲಿ ಹತ್ತುತ್ತದೆ. ಕಿಟಕಿ ಮುಚ್ಚಿದರೂ ಧೂಳು ಒಳಗೆ, ಕ್ಯಾಮೆರಾವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಬೇಕು. ತಂಗುಮನೆ ಕಲ್ಲಿನದು, ಒಳಗೆ ಅಂತಸ್ತು ಅಂತಸ್ತಾಗಿ ಹಲಗೆಗಳು. ಇಲಿಗಳು ಧಾರಾಳ. ಆಹಾರವನ್ನು ಚೀಲದಲ್ಲಿ ಬಿಟ್ಟರೆ ಚೀಲಕ್ಕೇ ತೂತು, ಮೊಳೆಗೆ ಹಗ್ಗ ಕಟ್ಟಿ ತೂಗುಹಾಕಬೇಕು. ನೀರು ಇಲ್ಲಿ ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ, ಬೇಳೆ ಬೇಯಿಸುವ ಆಸೆ ಬಿಡಬೇಕು. ಶ್ಯಾವಿಗೆ, ಓಟ್ಸ್, ಆಲೂಗಡ್ಡೆ ಪುಡಿ ಸಾಕು.

ಇಲ್ಲಿ ಒಂದು ಹಗಲು ಪೂರ್ತಿ ಮೀಸಲಿಟ್ಟದ್ದು ಮುಂದಿನ ದಾರಿಯ ಲಬೆರಿಂತೋ (ಚಕ್ರವ್ಯೂಹ) ಎಂಬ ಜಾಗ ನೋಡಿಕೊಳ್ಳಲು. ತಂಗುಮನೆಯ ಹಿಂದಿನ ಹಳೆಯ ಕಾಂಕ್ರೀಟು ಕಾಲುವೆಯ ಮೇಲೆ ನಡೆದು ಜಲ್ಲಿ ದಿಬ್ಬ ಹತ್ತಿದರೆ ಬಂಡೆ ಮತ್ತು ಐಸಿನ ಕೊರಕಲುಗಳ ಗೋಜಲು ಎದುರಾಗುತ್ತದೆ. ಪ್ರತಿ ಕೊರಕಲೂ ದಾರಿಯಂತೆಯೇ ಕಾಣುತ್ತದೆ, ಕೆಲವು ಬಂಡೆಯ ಗೋಡೆಗೆ ಮುಟ್ಟಿ ಮುಗಿಯುತ್ತವೆ. ಕಲ್ಲಿನ ಗುಪ್ಪೆಗಳು ಬೇಕಾದಷ್ಟಿವೆ, ದಾರಿ ತಪ್ಪಿದವರು ಕಟ್ಟಿದವೂ ಅವುಗಳಲ್ಲಿ ಸೇರಿವೆ. ಹಗಲಲ್ಲಿ ಹಿಮನದಿಯ ಅಂಚಿನವರೆಗೂ ಹೋಗಿ ಫೋನಿನ ಜಿಪಿಎಸ್‌ನಲ್ಲಿ ದಾರಿ ಗುರುತಿಸಿಕೊಂಡು ಬಂದರೆ ರಾತ್ರಿ ಒಂದು ಗಂಟೆ ಉಳಿಯುತ್ತದೆ, ಜೊತೆಗೆ ಎತ್ತರಕ್ಕೆ ಒಗ್ಗುವ ನಡಿಗೆಯೂ ಆಯಿತು.

ಒರಿಸಾಬಾ

ರಾತ್ರಿ ಒಂದಕ್ಕೆ ಹೊರಟು, ಲಬೆರಿಂತೋ ದಾಟಿ, ಸುಮಾರು 5,000 ಮೀಟರ್‌ನಲ್ಲಿ ಹಮಾಪಾ ಹಿಮನದಿಯ ಅಂಚು. ಬಲಕ್ಕೆ ಸಾರ್ಕೋಫಗೋ ಬಂಡೆಯ ಕಪ್ಪು ಆಕಾರ. ಕ್ರಾಂಪಾನನ್ನು ಐಸಿಗೆ ಕಾಲಿಡುವ ಮೊದಲೇ, ಕೂರಲು ಸಮತಟ್ಟು ಜಾಗ ಇರುವಾಗಲೇ ಹಾಕಬೇಕು. ಪಟ್ಟಿಯನ್ನು ಮನೆಯಲ್ಲೇ ಕತ್ತರಿಸಿ ಸರಿಮಾಡಿರಬೇಕು. ಉದ್ದ ಉಳಿದ ತುದಿ ಇನ್ನೊಂದು ಕಾಲಿನ ಹಲ್ಲಿಗೆ ಸಿಕ್ಕಿಕೊಂಡರೆ ಮುಗ್ಗರಿಸುವುದು ಅಲ್ಲೇ.

ಇಬ್ಬರೇ ಇರುವಾಗ ಹಗ್ಗದ ಪ್ರಶ್ನೆ ಬರುತ್ತದೆ. ಹಮಾಪಾದಲ್ಲಿ ಬಿರುಕುಗಳು ಕಡಿಮೆ, ಅಪಾಯ ಇರುವುದು ಜಾರುವುದರಲ್ಲಿ. ಮೇಲಕ್ಕೆ ಹೋದಂತೆ ಇಳಿಜಾರು 35–40 ಡಿಗ್ರಿಗೆ ಏರುತ್ತದೆ. ಮೃದು ಹಿಮವಿದ್ದರೆ ಬಿದ್ದವನು ಐಸ್ ಆಕ್ಸ್ (ಹಿಮಗೊಡಲಿ) ಊರಿ ನಿಲ್ಲಬಹುದು. ಗಾಳಿ ಉಜ್ಜಿ ನಯ ಮಾಡಿದ ಗಟ್ಟಿ ಐಸಿನಲ್ಲಿ ಆಕ್ಸ್ ಕಚ್ಚುವುದೇ ಇಲ್ಲ. ಆಗ ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿ, ನಡುವೆ ಯಾವ ಆಸರೆಯೂ ಇಲ್ಲದೆ ನಡೆದರೆ ಒಬ್ಬನ ಜಾರಾಟ ಇಬ್ಬರದೂ ಆಗುತ್ತದೆ. ಹಗ್ಗ ಕಟ್ಟುವುದಾದರೆ ಐಸಿಗೆ ತಿರುಪಿ ಕೂರಿಸುವ ಐಸ್ ಸ್ಕ್ರೂ ಹಾಕಿ, ಹಗ್ಗ ಅದರ ಮೂಲಕ ಹಾಯುವಂತೆ ಮಾಡಿ ಹತ್ತಬೇಕು. ಅದಕ್ಕೆ ಸಮಯವಿಲ್ಲ ಎನ್ನುವವರು ಬಿಚ್ಚಿಯೇ ನಡೆಯಬೇಕು, ಕಾಲಿನ ಮೇಲೆ ನಂಬಿಕೆ ಇಲ್ಲದವರು ತಿರುಗಬೇಕು. ಕಣ್ಣಿಗೆ ಧೈರ್ಯವಾಗಲಿ ಎಂದು ಕಟ್ಟುವ ಹಗ್ಗವೇ ಎಲ್ಲಕ್ಕಿಂತ ಕೆಟ್ಟದ್ದು. ನಮಗೆ ಸಿಕ್ಕದ್ದು ಕೆಳಗೆ ಗಟ್ಟಿ ಹಿಮ, ಕೊನೆಯ ಇನ್ನೂರು ಮೀಟರ್ ಐಸು. ಕೆಳಗೆ ಬಿಚ್ಚಿ ನಡೆದು, ಮೇಲೆ ನಾಲ್ಕು ಸ್ಕ್ರೂಗಳಲ್ಲಿ ಹಗ್ಗ ಹಾಯಿಸಿಕೊಂಡು ಹತ್ತಿದೆವು.

ಹೆಜ್ಜೆಯಿಡುವಾಗ ಪಾದ ಮಡಿಸಿ ಎಲ್ಲ ಹಲ್ಲೂ ಐಸಿಗೆ ತಾಗುವಂತೆ ಊರಬೇಕು, ಅಂಚಿನಲ್ಲಿ ನಿಂತರೆ ಅರ್ಧ ಹಲ್ಲು ಗಾಳಿಯಲ್ಲಿ. ನೇರ ಏರದೆ ಅಡ್ಡಾದಿಡ್ಡಿ, ತಿರುವಿಗೊಮ್ಮೆ ಆಕ್ಸ್ ಗುಡ್ಡದ ಕಡೆಯ ಕೈಗೆ. ಇಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧ. ಹೆಜ್ಜೆಗೆ ಎರಡು ಉಸಿರು, ಮೇಲ್ಗಡೆ ಮೂರು.

ಕ್ರೇಟರಿನ ಅಂಚು ಸಿಕ್ಕಿದ ಮೇಲೆ ಅದರ ಗುಂಟ ಸ್ವಲ್ಪ ನಡೆದರೆ ಶಿಲುಬೆಗಳಿರುವ ತುದಿ. ಕೆಳಗೆ ಮೂರು ನೂರು ಮೀಟರ್ ಆಳದ ಕುಳಿ. 1846ರ ನಂತರ ಇದು ಸಿಡಿದಿಲ್ಲ. ಸೂರ್ಯ ಮೂಡಿದಾಗ ಬೆಟ್ಟದ ನೆರಳು ತ್ರಿಕೋನವಾಗಿ ಪಶ್ಚಿಮದ ಬಯಲಿನುದ್ದಕ್ಕೂ ಬಿದ್ದಿತು, ಅದರ ತುದಿಯ ಕಡೆ ಮಲಿಂಚೆ. ದಕ್ಷಿಣಕ್ಕೆ ಕೆಳಗೆ ಸಿಯೆರ್ರಾ ನೆಗ್ರಾ, ಅದರ 4,580 ಮೀಟರ್‌ನ ನೆತ್ತಿಯ ಮೇಲೆ 50 ಮೀಟರ್ ಅಗಲದ ದೂರದರ್ಶಕದ ಬಿಳಿ ತಟ್ಟೆ. ಇಪ್ಪತ್ತು ನಿಮಿಷ ಸಾಕು. ಇಳಿಯುವಾಗ ಬಿಸಿಲಿಗೆ ಹಿಮ ಅಂಟಾಗಿ ಕ್ರಾಂಪಾನ್ ಕೆಳಗೆ ಉಂಡೆ ಕಟ್ಟುತ್ತದೆ, ಎರಡು ಹೆಜ್ಜೆಗೊಮ್ಮೆ ಆಕ್ಸ್ ಹಿಡಿಯಿಂದ ಬೂಟಿಗೆ ತಟ್ಟಿ ಉದುರಿಸಬೇಕು. ಮೂಗಿನ ಹೊಳ್ಳೆಯ ಕೆಳಗೂ ಸನ್‌ಸ್ಕ್ರೀನ್ ಹಚ್ಚಿರಬೇಕು, ಐಸಿನಿಂದ ಪ್ರತಿಫಲಿಸುವ ಬಿಸಿಲು ಸುಡುವುದು ಅಲ್ಲಿ.

ಜೀಪು ಮಧ್ಯಾಹ್ನ ಎರಡಕ್ಕೆ ಬಂತು. ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಮೋಡದ ಗೋಡೆಯೊಂದು ಏರಿಬರುತ್ತಿತ್ತು. ಚಾಲಕರು ಅದನ್ನು ಒಮ್ಮೆ ನೋಡಿ "ನೋರ್ತೆ" ಎಂದರು, ಚಳಿಗಾಲದಲ್ಲಿ ಉತ್ತರದಿಂದ ನುಗ್ಗುವ ಶೀತಗಾಳಿ. ಬಂದರೆ ಎರಡು ಮೂರು ದಿನ ಬೆಟ್ಟ ಮುಚ್ಚಿಯೇ ಇರುತ್ತದಂತೆ. ಅದೇ ಜೀಪಿನಲ್ಲಿ ಮೇಲೆ ಬಂದಿಳಿದ ಜೋಡಿಯ ಕೈಯಲ್ಲಿ ವಾಪಸು ವಿಮಾನಕ್ಕೆ ಉಳಿದಿದ್ದದ್ದು ಎರಡೇ ದಿನ. ಒರಿಸಾಬಾಗೆ ಹೋಗುವವರು ಪಟ್ಟಿಯ ಕೊನೆಯಲ್ಲಿ ಕನಿಷ್ಠ ಮೂರು ಖಾಲಿ ದಿನ ಇಟ್ಟುಕೊಂಡೇ ಟಿಕೆಟ್ ಮಾಡಿಸಬೇಕು.